ಎರಡು ಬುಟ್ಟಿ ಎಸಳು

"ಈ ಕಥೆ ಮುಗಿಯೋ ತನಕ ನೀನು ಸಾಯಬಾರದು" ಎಂದು ನನ್ನ ಮಗಳು ಕೇಳಿಕೊಂಡದ್ದೂ, "ಆಯ್ತು ಬಿಡು, ಸಾಯಲ್ಲ" ಎಂದು ನಾನು ಮಾತು ಕೊಟ್ಟದ್ದೂ ಒಂಬತ್ತು ವರ್ಷದ ಹಿಂದಿನ ಒಂದು ಭಾನುವಾರ ಮಧ್ಯಾಹ್ನ. ಆಗ ವರ್ಷಿಣಿಗೆ ಎಂಟು ವರ್ಷ. ಅವಳಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಟೀವಿಯಲ್ಲಿ ಜಪಾನಿನವರ ಚಿತ್ರಕಥೆಯೊಂದು ಹೊಸದಾಗಿ ಶುರುವಾಗಿತ್ತು, ಅದರ ಮೊದಲ ಕಂತು. ಕೊಡೆ ರಿಪೇರಿ ಮಾಡುವ ಒಬ್ಬ ತಾಯಿ ಅಂಗಡಿಯ ಬಾಗಿಲಲ್ಲಿ ನಿಂತು ಮಗಳ ಕಡೆ ತಿರುಗಿ ನಗುತ್ತಾಳೆ. ಸಡಿಲವಾಗಿ ಹೆಣೆದ ಜಡೆ ಭುಜದ ಮೇಲಿಂದ ಮುಂದಕ್ಕೆ ಇಳಿದಿದೆ. ಬೆನ್ನ ಹಿಂದೆ ಬಿಸಿಲು. ಅಷ್ಟೇ. ಮುಂದಿನ ಚಿತ್ರದಲ್ಲಿ ಅವಳಿಲ್ಲ, ಗೋಡೆಯ ಮೊಳೆಗೆ ಅವಳ ಕೊಡೆ ಮಾತ್ರ ತೂಗುತ್ತಿದೆ.

ನಾನು ಅವತ್ತು ತಲೆಗೆ ಎಣ್ಣೆ ಹಚ್ಚಿಕೊಂಡು ಜಡೆಯನ್ನು ಹಾಗೇ ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡಿದ್ದೆ. ವರ್ಷಿ ಒಮ್ಮೆ ಟೀವಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಎದ್ದು ಬಂದು ಜಡೆ ಹಿಡಿದು ಬೆನ್ನ ಹಿಂದಕ್ಕೆ ಎಸೆದಳು. ಆಮೇಲೆ ಕೈ ಚಾಚಿದಳು. "ಸುಮ್ನೆ ಬಾಯಲ್ಲಿ ಹೇಳ್ಬೇಡ, ಕೈ ಮೇಲೆ ಕೈ ಹಾಕು. ಕೊನೇ ಎಪಿಸೋಡ್ ನನ್ನ ಪಕ್ಕದಲ್ಲೇ ಕೂತು ನೋಡ್ಬೇಕು." ಹಾಕಿದೆ. ಹೆಚ್ಚೆಂದರೆ ಹನ್ನೆರಡು ವಾರದ ಕಥೆ ಎಂದುಕೊಂಡಿದ್ದೆ.

ನಮ್ಮ ಊರಿನಲ್ಲಿ ಎಸಳು ಬೀಳುತ್ತದೆ. ಮನೆಯಲ್ಲಿ ಯಾರಾದರೂ ತಮ್ಮವರಿಗೆ ಹೇಳಬೇಕಾದ ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ಮಲಗಿದರೆ, ಬೆಳಗಾಗುವಷ್ಟರಲ್ಲಿ ಆ ಮನೆಯ ಬಾಗಿಲ ಮುಂದೆ ತಿಳಿಗುಲಾಬಿ ಬಣ್ಣದ ಎಸಳು ಬಿದ್ದಿರುತ್ತದೆ. ಒಂದು ಮಾತಿಗೆ ಒಂದು ಬುಟ್ಟಿ. ವಾಸನೆಯಿಲ್ಲ, ದೇವರಿಗೆ ಆಗುವುದಿಲ್ಲ, ಆಡು ಕೂಡ ಮೂಸುವುದಿಲ್ಲ. ತುಳಿದರೆ ಜಾರುತ್ತದೆ, ಹಾಲಿನವನು ವರ್ಷಕ್ಕೊಮ್ಮೆಯಾದರೂ ಸೈಕಲ್ಲಿನಿಂದ ಬೀಳುತ್ತಾನೆ. ಅದನ್ನು ಗುಡಿಸುವುದು ನನ್ನ ಕೆಲಸ. ಪುರಸಭೆಯ ಎಸಳಿನ ವಿಭಾಗಕ್ಕೆ ಸೇರಿ ಇಪ್ಪತ್ತೊಂದು ವರ್ಷವಾಯಿತು. ಐದಕ್ಕೆ ಹಾಜರಿ, ಹಸಿರು ಕೋಟು, ಕಡ್ಡಿಪೊರಕೆ, ಇಬ್ಬರಿಗೊಂದು ತಳ್ಳುಗಾಡಿ.

ಇಷ್ಟು ವರ್ಷ ಗುಡಿಸಿದ ಮೇಲೆ ಮನೆಯವರ ಮುಖ ನೋಡಬೇಕಿಲ್ಲ, ರಾಶಿ ನೋಡಿದರೆ ಸಾಕು. ಮದುವೆ ಗೊತ್ತಾದ ಮನೆಯ ಮುಂದೆ ಎಸಳು ಮೆಟ್ಟಿಲು ಮುಚ್ಚಿರುತ್ತದೆ. ಕೆಲವರು ನಾಲ್ಕಕ್ಕೇ ಎದ್ದು ತಮ್ಮ ರಾಶಿಯನ್ನು ಪಕ್ಕದ ಮನೆಯ ಮುಂದೆ ಸುರಿದು ಬರುತ್ತಾರೆ. ಆದರೆ ತಾನಾಗಿ ಬಿದ್ದ ಎಸಳು ಹರಡಿಕೊಂಡಿರುತ್ತದೆ, ಸುರಿದದ್ದು ಗುಡ್ಡೆಯಾಗಿರುತ್ತದೆ, ನಮ್ಮ ಕಣ್ಣಿಗೆ ಮಣ್ಣೆರಚಲಾಗುವುದಿಲ್ಲ. ನಿವೃತ್ತ ಮೇಷ್ಟ್ರ ಮನೆಯ ಮುಂದೆ ಮೂವತ್ತು ವರ್ಷದಿಂದ ದಿನಕ್ಕೊಂದೇ ಬುಟ್ಟಿ. ಅದು ತನ್ನದೋ ಹೆಂಡತಿಯದೋ ಎಂದು ಅವರೂ ಕೇಳಿಲ್ಲ, ಆಕೆಯೂ ಕೇಳಿಲ್ಲ. ದಿನಾ ಬೀಳುತ್ತಿದ್ದ ರಾಶಿ ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಬಾಗಿಲ ಮುಂದಿನ ನೆಲ ಬರಿದಾಗಿದ್ದರೆ ನಾವು ಪೊರಕೆ ಕೆಳಗಿಟ್ಟು ಬಾಗಿಲು ತಟ್ಟುತ್ತೇವೆ. ಕೇಳಬೇಕಾದವರು ಹೋದ ಮೇಲೆ ಮಾತು ತಡೆಹಿಡಿದ ಲೆಕ್ಕಕ್ಕೆ ಬರುವುದಿಲ್ಲ. ವರ್ಷಿಯ ಅಪ್ಪ ಹೋದ ಬೆಳಿಗ್ಗೆ ನಮ್ಮ ಬಾಗಿಲ ಮುಂದಿನ ನೆಲ ತೊಳೆದಿಟ್ಟ ಹಾಗಿತ್ತು.

ನಮ್ಮ ಕೆಲಸದಲ್ಲಿ ಒಂದು ಕಟ್ಟು ಇದೆ. ನಮ್ಮ ಮನೆಯ ಮುಂದಿನ ಎಸಳನ್ನು ನಾವೇ ಗುಡಿಸುವಂತಿಲ್ಲ, ಜೊತೆಗಾತಿ ಗುಡಿಸಬೇಕು. ನನ್ನ ಮನೆಯದನ್ನು ಮುನಿಯಕ್ಕ ಗುಡಿಸುತ್ತಾಳೆ, ಅವಳ ಮನೆಯದನ್ನು ನಾನು. ಯಾರು ಮಾಡಿದ ಕಟ್ಟೋ ಗೊತ್ತಿಲ್ಲ, ತಿಳಿದವರೇ ಮಾಡಿರಬೇಕು.

ಇಂಥ ಕೆಲಸದವಳಿಗೆ ಆ ಚಿತ್ರಕಥೆ ಹೇಗೆ ಕಂಡಿರಬೇಕು ಯೋಚಿಸಿ. ಅದರಲ್ಲಿ ಸುಮ್ಮಸುಮ್ಮನೆ ಎಸಳು ಬೀಳುತ್ತದೆ. ಹುಡುಗ ಹುಡುಗಿಯ ಕಡೆ ನೋಡಿದರೆ ಬೀಳುತ್ತದೆ, ನೋಡದಿದ್ದರೆ ಇನ್ನೂ ಜಾಸ್ತಿ ಬೀಳುತ್ತದೆ. ಸೇತುವೆ ಮೇಲೆ, ಶಾಲೆಯ ಮುಂದೆ, ಯುದ್ಧ ನಡೆಯುವಾಗಲೂ. ಒಬ್ಬರಾದರೂ ಪೊರಕೆ ಹಿಡಿಯಬೇಕಲ್ಲ? "ಇದನ್ನೆಲ್ಲ ಗುಡಿಸೋರು ಯಾರು?" ಎಂದು ನಾನು ಪ್ರತಿ ಸಲ ಕೇಳುತ್ತಿದ್ದೆ. "ಅಮ್ಮಾ, ಸುಮ್ನೆ ಕೂತ್ಕೋ" ಎಂದು ವರ್ಷಿ ಪ್ರತಿ ಸಲ ಹೇಳುತ್ತಿದ್ದಳು.

ಕಥೆ ಇಷ್ಟು. ತಾಯಿ ಸತ್ತ ಮೇಲೆ ಆ ಹುಡುಗಿ ಕೊಡೆಯಂಗಡಿ ನಡೆಸುತ್ತಾಳೆ. ಹರಿದ ಕೊಡೆ ಹಿಡಿದು ಒಬ್ಬ ಬರುತ್ತಾನೆ, ಬೆಳ್ಳಿಯ ಕೊಂಬಿರುವ ದೊರೆಮಗ. ಅವನಿಗೊಂದು ಶಾಪ. ಯಾರನ್ನು ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಹೇಳುತ್ತಾನೋ ಅವರು ಅವನನ್ನು ಆ ಕ್ಷಣವೇ ಮರೆತುಬಿಡುತ್ತಾರೆ. ಹಾಗಾಗಿ ಅವನು ಹೇಳುವುದಿಲ್ಲ. ವಾರಕ್ಕೊಂದು ಕೊಡೆ ಬೇಕೆಂದೇ ಹರಿದುಕೊಂಡು ಬರುತ್ತಾನೆ. ಆ ಹೆಸರುಗಳಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ, ಕೊಂಬಿನವನು, ಕೊಡೆಯವಳು ಎಂದೇ ಕರೆದೆ. ವರ್ಷಿಗೆ ಸಿಟ್ಟು ಬರುತ್ತಿತ್ತು. ಕಾರ್ಟೂನ್ ಎಂದರೆ ಇನ್ನೂ ಸಿಟ್ಟು. "ಅನಿಮೆ ಅಮ್ಮಾ, ಅನಿಮೆ."

ಹನ್ನೆರಡು ಕಂತಿಗೆ ಮುಗಿಯಲಿಲ್ಲ. ಕೊಂಬಿನವನು ಬಾಯಿ ತೆರೆದ, ಎಸಳು ಬಿತ್ತು, ಕಥೆ ಅಲ್ಲಿಗೇ ನಿಂತುಹೋಯಿತು. ಮುಂದಿನ ಭಾಗ ಬರಲು ಎರಡು ವರ್ಷ. ಅದೂ ಹಾಗೇ ನಿಂತಿತು, ಮತ್ತೆ ಮೂರು ವರ್ಷ. ಮೊದಲ ಭಾಗ ನಮಗೆ ಬಾರದ ಭಾಷೆಯಲ್ಲಿ ಬಂದಿತ್ತು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಎಂಟು ವರ್ಷದ ವರ್ಷಿ ಅದನ್ನು ಓದಲಾರಳು, ನಾನಂತೂ ಓದಲಾರೆ. "ಕಣ್ಣು ನೋಡಿದ್ರೆ ಗೊತ್ತಾಗುತ್ತೆ" ಎಂದು ಅವಳೇ ಕಥೆ ಕಟ್ಟಿ ನನಗೆ ಹೇಳಿದಳು. ಆ ಕಣ್ಣುಗಳೂ ಹಾಗೇ, ಹಪ್ಪಳದಷ್ಟು ಅಗಲ. ಹತ್ತು ತುಂಬಿ ಅಕ್ಷರ ಸರಾಗವಾದ ಮೇಲೆ ಫೋನಿನಲ್ಲಿ ಮತ್ತೆ ಮೊದಲಿಂದ ನೋಡಿದಾಗ ತಿಳಿಯಿತು, ನಾವು ಬೇರೆಯೇ ಕಥೆ ನೋಡಿದ್ದೆವು. ದೊರೆಯ ದುಷ್ಟ ತಮ್ಮ ಎಂದು ಹನ್ನೆರಡು ವಾರ ಶಾಪ ಹಾಕಿದ್ದೆವಲ್ಲ, ಅವನು ಅರಮನೆಯ ಅಡುಗೆಯವನು. ನನಗೆ ಇವತ್ತಿಗೂ ನಮ್ಮ ಕಥೆಯೇ ಚೆನ್ನಾಗಿತ್ತು ಅನ್ನಿಸುತ್ತದೆ.

ದೂರುಗಳು ಬಹಳ ಇದ್ದವು. ಒಂದೇ ನೆನಪನ್ನು ಹತ್ತು ಸಲ ತೋರಿಸುತ್ತಾರೆ. ಹುಡುಗಿ ಸಮತಟ್ಟಾದ ನೆಲದಲ್ಲಿ ಎಡವುತ್ತಾಳೆ, ಅವನ ಎದೆಯ ಮೇಲೇ ಬೀಳುತ್ತಾಳೆ. ನರಿಕಿವಿಯ ಗೆಳತಿಯೊಬ್ಬಳು ಮೂವತ್ತನೇ ಕಂತಿನಲ್ಲಿ ನೀರು ತರಲು ಹೋದವಳು ಇವತ್ತಿಗೂ ಬಂದಿಲ್ಲ. ಎಲ್ಲಕ್ಕಿಂತ ದೊಡ್ಡ ದೂರು, ಅಲ್ಲಿ ತಾಯಂದಿರಿಗೆ ಉಳಿಗಾಲವಿಲ್ಲ. ಕೊಡೆಯವಳ ತಾಯಿ ಹೋದಳು, ಕೊಂಬಿನವನ ತಾಯಿ ಮೊದಲೇ ಹೋಗಿದ್ದಳು, ಆ ಅಡುಗೆಯವನಿಗೂ ತಾಯಿಯಿಲ್ಲ. ಎಲ್ಲರೂ ಜಡೆ ಮುಂದಕ್ಕೆ ಹಾಕಿಕೊಂಡು, ಬಿಸಿಲಿಗೆ ಬೆನ್ನು ಮಾಡಿ, ನಗುತ್ತಾ ನೆನಪಿನಲ್ಲಿ ಬರುತ್ತಾರೆ. ಬದುಕಿರುವ ತಾಯಿ ಅನ್ನ ಬಸಿಯುತ್ತಾ ಬೈಯುತ್ತಾಳೆ. ಅದನ್ನು ಬರೆಯಲು ಅವರಿಗೆ ಬಣ್ಣ ಸಾಲದೇನೋ.

ಆದರೂ ನೋಡಿದೆ. ಯಾಕೆ ಎಂದರೆ ಒಂದು ಲೋಟ ಚಹಾದ ಹಬೆಯನ್ನು ಅವರು ಅಷ್ಟು ಪ್ರೀತಿಯಿಂದ ಬರೆಯುತ್ತಿದ್ದರು. ಅವಳು ಕೊಡೆಯ ಕಡ್ಡಿಗೆ ದಾರ ಸುತ್ತುವಾಗ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ, ದಾರದ ಸದ್ದು ಮಾತ್ರ. ಕೈಕೆಲಸವನ್ನು ಅಷ್ಟು ಗೌರವದಿಂದ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಕೊಂಬಿನವನು ಒಂದು ದಿನವೂ ದನಿ ಏರಿಸಲಿಲ್ಲ. ಇನ್ನೊಂದು ಕಾರಣ, ಭಾನುವಾರ ಮಧ್ಯಾಹ್ನ ಮಗಳು ನನ್ನ ತೊಡೆಗೆ ಒರಗಿ ಕೂರುತ್ತಿದ್ದಳು. ನನಗೆ ನಡುವೆ ನಿದ್ದೆ ಹತ್ತುತ್ತಿತ್ತು, ನಸುಕಿನಲ್ಲೆದ್ದ ಮೈ. ಎಚ್ಚರವಾದಾಗ ನನ್ನ ಮೂಗಿನ ಕೆಳಗೆ ಒಂದು ಪುಟ್ಟ ಬೆರಳು ಇರುತ್ತಿತ್ತು. ಉಸಿರು ಬರುತ್ತಿದೆಯಾ ಎಂದು ನೋಡುತ್ತಿದ್ದಳು. ಹನ್ನೆರಡು ದಾಟಿದ ಮೇಲೆ ಅದನ್ನು ಬಿಟ್ಟಳು, ಅಥವಾ ನನಗೆ ಎಚ್ಚರವಾಗದ ಹಾಗೆ ಮಾಡುವುದನ್ನು ಕಲಿತಳು.

ಈ ವರ್ಷ ಕೊನೆಯ ಭಾಗ ಬಂತು. ನಲವತ್ತೆಂಟಕ್ಕೆ ಮುಗಿಯುತ್ತದೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ವರ್ಷಿಗೆ ಈಗ ಹದಿನೇಳು, ಪಿಯುಸಿ ಎರಡನೇ ವರ್ಷ, ನನಗಿಂತ ಎರಡು ಬೆರಳು ಎತ್ತರ. ನಲವತ್ನಾಲ್ಕನೇ ಕಂತು ನೋಡಿದ ವಾರ ಸ್ನಾನ ಮಾಡುವಾಗ ಎಡ ಎದೆಯ ಪಕ್ಕದಲ್ಲಿ ಕೈಗೊಂದು ಗಂಟು ಸಿಕ್ಕಿತು. ಹುಣಸೆಬೀಜದಷ್ಟು. ಒತ್ತಿದರೆ ನೋವಿಲ್ಲ. ನೋವಿಲ್ಲದ್ದೇ ಹೆದರಿಕೆಯಾಯಿತು, ನನ್ನ ಅಕ್ಕನದ್ದು ಹೀಗೇ ಶುರುವಾಗಿತ್ತು.

ಹೇಳಲಿಲ್ಲ. ಮರುದಿನ ಮುನಿಯಕ್ಕ ತಳ್ಳುಗಾಡಿಯ ಹತ್ತಿರ ಬಂದು, "ನಿನ್ ಮನೆ ಮುಂದೆ ಒಂದು ಬುಟ್ಟಿ ಕಣೇ ಸಾಕಿ" ಎಂದಳು. ನನ್ನ ಹೆಸರು ಸಾಕಮ್ಮ. "ಹೌದಾ" ಎಂದೆ. ಎಷ್ಟೋ ವರ್ಷದಿಂದ ನಮ್ಮ ಮನೆಯ ಮುಂದೆ ಎಸಳು ಬಿದ್ದಿರಲಿಲ್ಲ. ಅವಳು ಮೂತಿ ಸೊಟ್ಟ ಮಾಡಿ, "ಮಗಳಿಗೆ ಹದಿನೇಳಾಯ್ತು ಅಲ್ವಾ" ಎಂದಷ್ಟೇ ಹೇಳಿ ನಕ್ಕಳು. ನಾನೂ ನಕ್ಕೆ. ಅಲ್ಲೇ ಮೊದಲ ತಪ್ಪು ಮಾಡಿದೆ.

ಪಕ್ಕದ ಮನೆ ಜಲಜಮ್ಮನಿಗೆ ಅಷ್ಟು ಸಾಕಾಯಿತು. ವರ್ಷಿ ಕಾಲೇಜಿಗೆ ಹೊರಟಾಗ ಕಾಂಪೌಂಡಿನ ಮೇಲಿಂದ, "ಏನಮ್ಮ, ನಿಮ್ಮನೆ ಮುಂದೆ ವಸಂತಕಾಲ! ಹುಡುಗ ಯಾವ ಬೀದಿಯೋನು?" ಎಂದು ಕೇಳಿದಳಂತೆ. ವರ್ಷಿ ಏನೂ ಹೇಳಲಿಲ್ಲವಂತೆ. ಜಲಜಮ್ಮನೇ ಬಂದು ನನಗೆ ಹೇಳಿದ್ದು. "ಬಾಯಿ ಬಿಡ್ಲಿಲ್ಲ ಸಾಕಮ್ಮ. ಬಾಯಿ ಬಿಡ್ದಿದ್ರೆ ಅರ್ಥ ಏನು, ನೀನೇ ಹೇಳು." ಅರ್ಥ ಏನೆಂದು ನನಗೆ ಗೊತ್ತಿತ್ತು. ಆ ಬುಟ್ಟಿ ನನ್ನದು. ನನ್ನ ಬುಟ್ಟಿಗೆ ಮಗಳು ಮಾತು ಕೇಳಿಸಿಕೊಳ್ಳುತ್ತಿದ್ದಳು, ನಾನು ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದೆ.

ಪಕ್ಕದ ದೊಡ್ಡೂರಿನ ಆಸ್ಪತ್ರೆಗೆ ಹೋದೆ. ಡ್ಯೂಟಿ ಮುಗಿಸಿ ಹತ್ತರ ಬಸ್ಸಿಗೆ ಹೋಗಿ, ವರ್ಷಿ ಕಾಲೇಜಿನಿಂದ ಬರುವುದರೊಳಗೆ ವಾಪಸ್. ಡಾಕ್ಟರಮ್ಮ ಒತ್ತಿ ನೋಡಿ, ಪರೀಕ್ಷೆಗೆಂದು ಸೂಜಿ ಹಾಕಿ ಸ್ವಲ್ಪ ತೆಗೆದು, "ಈ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಬನ್ನಿ. ಮನೆಯಲ್ಲಿ ಹೇಳಿದೀರಾ?" ಎಂದರು. "ಹೂಂ" ಎಂದೆ. ಅವರು ಬರೆದುಕೊಟ್ಟ ಚೀಟಿಯನ್ನು ಹಸಿರು ಕೋಟಿನ ಒಳಜೇಬಿಗೆ ಹಾಕಿದೆ. ಮನೆಯಲ್ಲಿ ವರ್ಷಿ ಕೈಹಾಕದ ಜಾಗ ಅದೊಂದೇ ಎಂದುಕೊಂಡಿದ್ದೆ. ಆ ಭಾನುವಾರ ಡ್ಯೂಟಿಯಿಂದ ಬಂದು ಕೋಟು ಕಳಚಿ, ಸೊಪ್ಪು ತರಲು ಹೋಗಿ ಬರುವಷ್ಟರಲ್ಲಿ ಅದು ಒಗೆದು ಹಗ್ಗದ ಮೇಲಿತ್ತು. ವರ್ಷಿ ಅಲ್ಲೇ ಓಡಾಡುತ್ತಿದ್ದಳು, ಕೈಹಾಕಿ ನೋಡಲಾಗಲಿಲ್ಲ. ಸಂಜೆ ಕೋಟು ಒಣಗಿದ ಮೇಲೆ ಜೇಬಿಗೆ ಕೈಹಾಕಿದೆ, ಚೀಟಿ ಅಲ್ಲೇ ಇತ್ತು, ಗರಿಗರಿಯಾಗಿ. ಸದ್ಯ, ಅವಳು ನೋಡಿಲ್ಲ ಎಂದು ಉಸಿರುಬಿಟ್ಟೆ. ಎಂಥ ದಡ್ಡಿ ನಾನು.

ಮರುದಿನ ಬೆಳಿಗ್ಗೆ ಮುನಿಯಕ್ಕ ನಗಲಿಲ್ಲ. "ಎರಡು ಬುಟ್ಟಿ ಸಾಕಿ" ಎಂದಳು.

ಇಪ್ಪತ್ತೊಂದು ವರ್ಷದ ಅನುಭವ ನನಗೆ ಒಂದೇ ದಾರಿ ತೋರಿಸಿತು. ಒಂದು ಬುಟ್ಟಿ ನನ್ನದು, ಗೊತ್ತು. ಇನ್ನೊಂದು? ಮನೆಯಲ್ಲಿ ಇರುವುದು ಇಬ್ಬರೇ. ಹದಿನೇಳರ ಹುಡುಗಿ, ಒಂದು ಬುಟ್ಟಿ. ಇಂಥ ರಾಶಿ ನೂರು ಮನೆಯ ಮುಂದೆ ಗುಡಿಸಿದ್ದೇನೆ. ಜಲಜಮ್ಮ ಆಡಿದ್ದೇ ನಿಜವಾಯಿತಲ್ಲ ಎಂದುಕೊಂಡೆ. ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ನನಗೇನಾದರೂ ಆದರೆ ಇವಳಿಗೆ ಯಾರು? ಆ ಹುಡುಗ ಎಂಥವನೋ? ಕೊಂಬಿನವನ ಹಾಗೆ ದನಿ ಏರಿಸದವನೋ?

ಗುರುತುಗಳೂ ಹಾಗೇ ಇದ್ದವು. ಒಂಬತ್ತು ವರ್ಷದಲ್ಲಿ ಭಾನುವಾರ ತಪ್ಪಿಸದ ಹುಡುಗಿ ನಲವತ್ತೇಳನೇ ಕಂತು ಬಂದ ದಿನ, ಅದೇ ಕೋಟು ಒಗೆದ ಭಾನುವಾರ, "ಇವತ್ತು ಬೇಡಮ್ಮ, ಟೆಸ್ಟ್ ಇದೆ" ಎಂದಳು. ಪುಸ್ತಕ ಹಿಡಿದು ಕೂತಳು, ಹಾಳೆ ತಿರುಗಿಸಲಿಲ್ಲ. ನಡುವೆ ಒಮ್ಮೆ ಸುಮ್ಮನೆ ಎದ್ದು ಬಂದು ನನ್ನ ಜಡೆ ಹಿಂದಕ್ಕೆ ಹಾಕಿ ಹೋದಳು. ಜಡೆ ಹಿಂದೆಯೇ ಇತ್ತು. ಊಟಕ್ಕೆ ಕೂತಾಗ ನನ್ನ ತಟ್ಟೆಯನ್ನೇ ನೋಡುವಳು. "ಇನ್ನೊಂದು ಸ್ವಲ್ಪ ಹಾಕ್ಕೋ" ಎನ್ನುವಳು. ಪ್ರೀತಿಯಲ್ಲಿ ಬಿದ್ದ ಹುಡುಗಿಯರು ಹೀಗೆ ತಾಯಂದಿರ ಮೇಲೆ ಹೆಚ್ಚು ಪ್ರೀತಿ ತೋರಿಸುತ್ತಾರೆ, ಅದೂ ನನಗೆ ಗೊತ್ತಿತ್ತು. ನನಗೆ ಗೊತ್ತಿಲ್ಲದ್ದು ಏನಿತ್ತು!

ಮುಂದಿನ ಭಾನುವಾರ ನಲವತ್ತೆಂಟೂ ಬಂತು. ಮಧ್ಯಾಹ್ನ ಊಟ ಮುಗಿಸಿ ಫೋನನ್ನು ಡಬ್ಬಿಗೆ ಒರಗಿಸಿಟ್ಟು ಕರೆದೆ. "ಬಾರೇ, ಎರಡೂ ಒಟ್ಟಿಗೆ ನೋಡಿ ಮುಗಿಸಿಬಿಡೋಣ."

"ನೆಟ್ ಇಲ್ಲ."

"ಜಲಜಮ್ಮನ ಮೊಮ್ಮಗ ಆಗಲಿಂದ ಹಾಡು ಹಾಕ್ಕೊಂಡು ಕೂತಿದಾನೆ. ಅವನಿಗೆ ಇರೋ ನೆಟ್ಟು ನಮಗಿಲ್ವಾ?"

"ನನಗೆ ನೋಡೋಕೆ ಇಷ್ಟ ಇಲ್ಲಮ್ಮ. ಬೋರು. ಅವನು ಹೇಳಲ್ಲ, ಇವಳು ಕೇಳಲ್ಲ. ಚಿಕ್ಕ ಮಕ್ಕಳ ಕಥೆ."

ಆ ಮಾತು ನನಗೆ ಚುಚ್ಚಿತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. "ಯಾರವನು?"

"ಯಾರು ಯಾವನು?"

"ನನ್ ಹತ್ರ ನಾಟಕ ಆಡ್ಬೇಡ. ಊರೋರ ಎಸಳು ಗುಡಿಸಿದೋಳು ನಾನು. ಬೈಯಲ್ಲ, ಹೊಡೆಯಲ್ಲ, ಹೆಸರು ಹೇಳು ಸಾಕು. ಎರಡನೇ ಬುಟ್ಟಿ ಯಾವನದ್ದು?"

ವರ್ಷಿ ನನ್ನನ್ನೇ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು. "ಮೊದಲನೇದು ಯಾರದ್ದಮ್ಮ?"

ಅವಳು ಎದ್ದು ಹೋಗಿ ಗೂಟದ ಮೇಲಿದ್ದ ಕೋಟಿನ ಒಳಜೇಬಿನಿಂದ ಚೀಟಿ ತೆಗೆದು ತಂದು ನನ್ನ ಮುಂದಿಟ್ಟಳು. "ಆ ಭಾನುವಾರ ಕೋಟು ಒಗೆದೋಳು ನಾನು. ಒಗೆದ ಕೋಟಲ್ಲಿ ಚೀಟಿ ಗರಿಗರಿಯಾಗಿ ಹೇಗಿರುತ್ತೆ? ತೆಗೆದು, ಓದಿ, ಪುಸ್ತಕದೊಳಗೆ ಇಟ್ಟು, ಬಟ್ಟೆ ಒಣಗಿದ ಮೇಲೆ ವಾಪಸ್ ಹಾಕಿದೆ. ನೀನಾಗೇ ಹೇಳ್ತೀಯಾ ಅಂತ ನೋಡ್ತಿದ್ದೆ."

"ಹುಡುಗ ಇಲ್ವಾ?" ಎಂದೆ. ಇಷ್ಟು ದೊಡ್ಡ ಮಾತಿನ ನಡುವೆ ನನ್ನ ಬಾಯಿಂದ ಬಂದದ್ದು ಅದು.

"ಯಾವ ಹುಡುಗನೂ ಇಲ್ಲ! ಜಲಜಾಂಟಿ ದಿನಾ ಕೇಳಿದ್ರೂ ಸುಮ್ನಿದ್ದೆ ಅಲ್ವಾ, ಹುಡುಗ ಇದಾನೆ ಅಂತಲೇ ಅಂದ್ಕೊಳ್ಳಲಿ ಅಂತ. ಇಲ್ಲ ಅಂದಿದ್ರೆ ಆ ಬುಟ್ಟಿ ನಿಂದು ಅಂತ ಗೊತ್ತಾಗಿ ನಿನ್ನನ್ನ ಕೇಳೋಕೆ ಶುರು ಮಾಡ್ತಿದ್ರು."

"ಟೆಸ್ಟು, ನೆಟ್ಟು, ಬೋರು ಅಂದಿದ್ದೆಲ್ಲ?"

ಅವಳು ತಲೆ ತಗ್ಗಿಸಿದಳು. ಕಾಲಿನ ಉಗುರನ್ನು ನೆಲಕ್ಕೆ ಒತ್ತುತ್ತಾ ಹೇಳಿದಳು. "ನಲವತ್ತೇಳು ನೋಡಿದ್ರೆ ನಲವತ್ತೆಂಟು ಉಳಿಯುತ್ತೆ. ಅದನ್ನೂ ನೋಡಿದ್ರೆ ಕಥೆ ಮುಗಿಯುತ್ತೆ. ಕಥೆ ಮುಗಿಯೋ ತನಕ ಅಂತ ತಾನೇ ನೀನು ಮಾತು ಕೊಟ್ಟಿದ್ದು?"

ಹದಿನೇಳು ವರ್ಷದವಳು, ಜೀವಶಾಸ್ತ್ರ ಓದುವವಳು, ನನಗಿಂತ ಎರಡು ಬೆರಳು ಎತ್ತರದವಳು ಇದನ್ನು ಹೇಳಿದಳು. ನನಗೆ ನಗು ಬಂತು. ನಗುತ್ತಾ ನಗುತ್ತಾ ಅದು ಅಳುವಾಯಿತು. ಅವಳು, "ನಗ್ಬೇಡ, ನಗ್ಬೇಡ" ಎಂದು ನನ್ನ ತೋಳಿಗೆ ಗುದ್ದುತ್ತಾ ತಾನೂ ಅತ್ತಳು. ಗಂಟು ಎಲ್ಲಿದೆ ತೋರಿಸು ಎಂದಳು. ಅವಳ ಬೆರಳು ಹಿಡಿದು ಮುಟ್ಟಿಸಿದೆ. "ಇಷ್ಟೇನಾ" ಎಂದಳು. "ಇಷ್ಟೇ." "ನಾನು ಮಾವಿನಕಾಯಿಯಷ್ಟು ಅಂದ್ಕೊಂಡಿದ್ದೆ." ದೊಡ್ಡಮ್ಮನ ವಿಷಯ ಕೇಳಿದಳು, ಹೇಳಿದೆ. ನನಗೆ ಹೆದರಿಕೆಯಾಗಿದೆ ಎಂಬುದನ್ನೂ ಹೇಳಿದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಜೀವನದಲ್ಲಿ ಅದೇ ಮೊದಲು. ನಾಳೆ ಸೋಮವಾರ, ರಿಪೋರ್ಟ್ ಬರುವ ದಿನ. ಮೇಸ್ತ್ರಿಗೆ ಫೋನ್ ಮಾಡಿ ರಜೆ ಹೇಳಿದೆ. ಕಂತು ನೋಡಲಿಲ್ಲ, ಫೋನು ಡಬ್ಬಿಗೆ ಒರಗಿದ ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ಬಾಗಿಲು ಒಡೆದುಹೋಗುವ ಹಾಗೆ ಯಾರೋ ಬಡಿದರು. "ಸಾಕೀ! ಏ ಸಾಕೀ! ವರ್ಷೀ!" ತೆಗೆದರೆ ಮುನಿಯಕ್ಕ. ಪೊರಕೆ ಬೀದಿಯಲ್ಲಿ ಬಿದ್ದಿದೆ, ತಳ್ಳುಗಾಡಿ ಅಡ್ಡ ನಿಂತಿದೆ, ಅವಳ ಸೆರಗು ಒಂದು ಕಡೆ, ಅವಳು ಒಂದು ಕಡೆ. ನನ್ನನ್ನು ನೋಡಿದವಳೇ ಹೊಸ್ತಿಲ ಮೇಲೆ ಕುಸಿದು ಕೂತಳು.

"ಏನಾಯ್ತು ಮುನಿಯಕ್ಕ?"

"ಏನಾಯ್ತಾ? ಹಾಜರಿಗೆ ಬಂದಿಲ್ಲ ನೀನು, ರಜೆ ಅಂತ ಮೇಸ್ತ್ರೀನೂ ಹೇಳ್ಲಿಲ್ಲ. ಬೀದಿ ತುದೀಲಿ ನಿಂತು ನೋಡಿದ್ರೆ ಒಂದೆಸಳೂ ಇಲ್ಲ. ನಿನ್ನೆ ತನ್ಕ ಎರಡು ಬುಟ್ಟಿ, ಇವತ್ತು ನೆಲ ನೆಕ್ಕಿದಂಗದೆ. ನಾನೇನ್ ಅಂದ್ಕಳ್ಳಿ? ಇಬ್ರಲ್ಲಿ ಯಾರು ಹೋದ್ರು ಅಂತ ಬೀದಿ ತುಂಬ ಓಡಿ ಬಂದೆ, ನಿನ್ ಮನೆ ಹಾಳಾಗ!"

ನಾನೂ ವರ್ಷಿಯೂ ಹೊರಗೆ ಬಂದು ನೋಡಿದೆವು. ಬಾಗಿಲ ಮುಂದೆ ನೆಲ ಬರಿದಾಗಿತ್ತು. ನಿನ್ನೆಯ ರಂಗೋಲಿ ಹಾಗೇ ಇತ್ತು. ಹನ್ನೊಂದು ವರ್ಷದಲ್ಲಿ ಎರಡನೇ ಸಲ, ಎಸಳು ನಿಂತುಹೋದ ಆ ನೆಲವನ್ನು ಹಾಗೆ ನೋಡಿ ನಿಂತೆ. ಆದರೆ ಈ ಸಲ ಎಲ್ಲರೂ ಇದ್ದೆವು. ಮುನಿಯಕ್ಕನಿಗೆ ಕಾಫಿ ಕೊಟ್ಟು ವಿಷಯ ಹೇಳಿದೆ. ಅವಳು ಲೋಟ ಕೆಳಗಿಟ್ಟು, "ಇಪ್ಪತ್ತು ವರ್ಷ ಜೊತೇಲಿ ಗುಡಿಸಿದೋಳಿಗೆ ಹೇಳ್ಲಿಲ್ಲ. ನಾನೇನು ಜಲಜಮ್ಮನಾ?" ಎಂದಳು. ಬೈದು, ಮೂಗು ಒರೆಸಿಕೊಂಡು, ಪೊರಕೆ ಹುಡುಕಿಕೊಂಡು ಹೋದಳು.

ದೊಡ್ಡೂರಿನಲ್ಲಿ ಎಸಳು ಬೀಳುವುದಿಲ್ಲ. ಆಸ್ಪತ್ರೆಯ ಉದ್ದನೆಯ ಓಣಿ ಹೊಳೆಯುತ್ತಿತ್ತು. ಎರಡೂ ಕಡೆ ಬೆಂಚಿನ ಮೇಲೆ ಜನ. ಗಂಡನ ಕೈ ಹಿಡಿದ ಹೆಂಡತಿ, ಅಮ್ಮನ ಚೀಲ ಹಿಡಿದ ಮಗ. "ಇದೇ ನಮ್ಮೂರಾಗಿದ್ರೆ ಇಲ್ಲಿ ಸೊಂಟದ ತನಕ ಬಿದ್ದಿರ್ತಿತ್ತು" ಎಂದು ವರ್ಷಿಯ ಕಿವಿಯಲ್ಲಿ ಹೇಳಿದೆ. "ಇವರಲ್ಲಿ ಒಬ್ಬರ ಮನಸ್ಸಲ್ಲಿರೋದು ಇನ್ನೊಬ್ಬರಿಗೆ ಹೇಗೆ ಗೊತ್ತಾಗುತ್ತಮ್ಮ?" ಎಂದಳು.

ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದರು. "ಏನೂ ಇಲ್ಲಮ್ಮ. ಬರೀ ಕೊಬ್ಬಿನ ಗಂಟು. ಹಾಗೇ ಇದ್ರೂ ತೊಂದರೆ ಇಲ್ಲ. ಆರು ತಿಂಗಳಿಗೊಮ್ಮೆ ಬಂದು ತೋರಿಸ್ಕೊಂಡು ಹೋಗಿ." ವರ್ಷಿ, "ಅಂದ್ರೆ ಅದಲ್ಲ?" ಎಂದಳು. "ಅದಲ್ಲ." "ಖಂಡಿತ ಅದಲ್ಲ?" "ಖಂಡಿತ ಅದಲ್ಲ." ಬಾಗಿಲವರೆಗೆ ಬಂದು ಮತ್ತೆ ವಾಪಸ್ ಹೋಗಿ, "ಬರೆದುಕೊಡ್ತೀರಾ ಮೇಡಂ?" ಎಂದು ಕೇಳಿದಳು. ಅವರು ನಗುತ್ತಾ ಚೀಟಿಯ ಹಿಂದೆ ಕನ್ನಡದಲ್ಲೇ ದೊಡ್ಡದಾಗಿ ಬರೆದುಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ತಿಂದೆವು. ಕಣ್ಣಲ್ಲಿ ನೀರು ಬಂದದ್ದಕ್ಕೆ ಇಬ್ಬರೂ ಖಾರದ ನೆಪ ಹೇಳಿದೆವು. ಆ ಊರಿನಲ್ಲಿ ಅಷ್ಟು ನಡೆಯುತ್ತದೆ.

ಮೂರು ಗಂಟೆಗೆ ಮನೆಗೆ ಬಂದು ಕೈಕಾಲು ತೊಳೆದು, ಫೋನನ್ನು ಮತ್ತೆ ಡಬ್ಬಿಗೆ ಒರಗಿಸಿ ಕೂತೆವು. ನಾನು ತಲೆಗೂದಲನ್ನು ಎತ್ತಿ ಗಂಟು ಹಾಕಿಕೊಂಡೆ, ಯಾವ ಅನುಮಾನಕ್ಕೂ ಎಡೆ ಬೇಡವೆಂದು. ವರ್ಷಿ ಅಕ್ಷರ ಓದಿ ಓದಿ ಹೇಳಿದಳು.

ಸತ್ಯ ಹೇಳಬೇಕೆಂದರೆ ಕೊನೆ ಚೆನ್ನಾಗಿರಲಿಲ್ಲ. ಹದಿನೈದು ಕಂತು ನಡೆದ ಯುದ್ಧವನ್ನು ಒಂದು ಕಾಗದ ಓದಿ ಅರ್ಧ ನಿಮಿಷಕ್ಕೆ ನಿಲ್ಲಿಸಿಬಿಟ್ಟರು. ನರಿಕಿವಿಯವಳು ಬರಲೇ ಇಲ್ಲ. "ಅವಳು ನೀರು ತರೋಕೆ ಹೋಗಿ ಎಷ್ಟು ವರ್ಷ ಆಯ್ತು!" ಎಂದು ವರ್ಷಿ ಕೂಗಾಡಿದಳು. ಕಥೆ ಮುಗಿಯಲು ನಾಲ್ಕು ನಿಮಿಷ ಇದೆ ಅನ್ನುವಾಗ ಕೊಂಬಿನವನು ಕೊನೆಗೂ ಬಾಯಿಬಿಟ್ಟು ಹೇಳಿದ. ಕೊಡೆಯವಳು ಮರೆತಳು. ಅಪರಿಚಿತನನ್ನು ನೋಡುವ ಹಾಗೆ ನೋಡಿ, ಮಳೆ ಬರುತ್ತಿದೆ, ತಗೊಳ್ಳಿ ಎಂದು ಒಂದು ಕೊಡೆ ಬಿಚ್ಚಿದಳು. ಒಳಗಿನ ತೇಪೆಯ ಹೊಲಿಗೆ ಅವಳದ್ದಲ್ಲ, ವಾರವಾರ ಬಂದು ಕೂತು ನೋಡಿ ನೋಡಿ ಅವನು ಕಲಿತು ಹಾಕಿದ ಸೊಟ್ಟ ಹೊಲಿಗೆ. ಬೆರಳಿನಿಂದ ಅದನ್ನು ಸವರಿ, ಇದು ಯಾರ ಕೈ, ನನಗೆ ಗೊತ್ತಿರುವ ಕೈ ಎಂದಳು. ನಲವತ್ತೆಂಟು ಕಂತಿನ ಎಳೆದಾಟವನ್ನು ನಾನು ಆ ಒಂದು ಮಾತಿಗೆ ಕ್ಷಮಿಸಿದೆ.

ಆಗ ವರ್ಷಿ ಚೀರಿದಳು. "ಅಮ್ಮಾ, ಅಮ್ಮಾ, ನೋಡು!" ಚಿತ್ರ ಹಿಂದಕ್ಕೆ ಓಡಿಸಿ ನಿಲ್ಲಿಸಿದಳು. ಅವರಿಬ್ಬರೂ ಕೊಡೆಯ ಕೆಳಗೆ ನಿಂತಿದ್ದಾರೆ, ಸುತ್ತ ಎಸಳು ಸುರಿಯುತ್ತಿದೆ. ಹಿಂದೆ, ಬೀದಿಯ ಕೊನೆಯಲ್ಲಿ, ಹೆಬ್ಬೆರಳ ಉಗುರಿನಷ್ಟು ಒಬ್ಬಳು ಹೆಂಗಸು. ಕೈಯಲ್ಲಿ ಪೊರಕೆ. ಗುಡಿಸುತ್ತಿದ್ದಾಳೆ. ಎರಡೇ ಕ್ಷಣ. ಯಾರು ಬರೆದರೋ, ಯಾಕೆ ಬರೆದರೋ.

"ನೀನೇ ಅಮ್ಮಾ! ನಿನ್ನನ್ನ ಹಾಕಿದಾರೆ!"

ಕಣ್ಣು ಕಿರಿದು ಮಾಡಿ ನೋಡಿದೆ. "ಪೊರಕೆ ಹಿಡಿದಿರೋದು ತಪ್ಪು. ಹಾಗೆ ಹಿಡಿದ್ರೆ ಮಧ್ಯಾಹ್ನಕ್ಕೆ ಸೊಂಟ ಹೋಗುತ್ತೆ" ಎಂದೆ. ಅವಳು ನನ್ನ ತೊಡೆಯ ಮೇಲೆ ಬಿದ್ದು ನಕ್ಕಳು.

ಹೆಸರುಗಳು ಓಡಿದವು, ಹಾಡು ಮುಗಿಯಿತು, ಫೋನಿನ ಪರದೆ ಕಪ್ಪಾಯಿತು. ವರ್ಷಿ ಎಂಟು ವರ್ಷದವಳ ಹಾಗೆ ಕೈ ಚಾಚಿದಳು. "ಇನ್ನೊಂದು ಮಾತು ಕೊಡು."

"ಕೊಡಲ್ಲ. ಒಂದು ಕೊಟ್ಟಿದ್ದಕ್ಕೇ ಒಂಬತ್ತು ವರ್ಷ ಎಳೆದಿದೀಯ. ಏಳು, ಒಗೆದ ಬಟ್ಟೆ ತಗೊಂಡು ಬಾ, ಮೋಡ ಆಗಿದೆ."

ಗೊಣಗುತ್ತಾ ಎದ್ದು ಹೋದಳು. ನಾನು ಅನ್ನಕ್ಕೆ ಎಸರಿಟ್ಟೆ.

ಈ ಕಥೆ ಮುಗಿಯುವ ತನಕ ಸಾಯುವುದಿಲ್ಲ, ಕೊನೆಯ ಕಂತನ್ನು ಪಕ್ಕದಲ್ಲಿ ಕೂತು ನೋಡುತ್ತೇನೆ ಎಂದಿದ್ದೆ. ಸಾಯಲಿಲ್ಲ. ನೋಡಿದೆ.